ಸತ್ತ ಚಕ್ರವರ್ತಿಯ ಪಾಠ

ಫ್ರೇಮ್ ಕಟ್ಟುವ ಅಂಗಡಿಯವನನ್ನು ಪೇಟೆಯೆಲ್ಲ ಮೊಳೆಯಣ್ಣ ಎಂದೇ ಕರೆಯುತ್ತಿತ್ತು. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುವುದು ಅವನ ಅಭ್ಯಾಸ. ಯಾರು ಏನು ಕೇಳಿದರೂ ಹೂಂ, ಉಹೂಂ ಎರಡರಲ್ಲೇ ವ್ಯವಹಾರ ಮುಗಿಸಿಬಿಡುತ್ತಿದ್ದ. ಪಾಪ, ಬಾಯಲ್ಲಿ ಮೊಳೆ ಇದೆ, ಹೇಗೆ ಮಾತಾಡುತ್ತಾನೆ ಎಂದು ಜನ ಸುಮ್ಮನಾಗುತ್ತಿದ್ದರು. ನಿಜ ಹೇಳಬೇಕೆಂದರೆ ಮಾತಾಡಲು ಹೆದರಿಯೇ ಅವನು ಮೊಳೆ ಕಚ್ಚಿಕೊಳ್ಳುತ್ತಿದ್ದ. ಅವನಷ್ಟು ಪುಕ್ಕಲು ಆಸಾಮಿ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ಹೆದರಿಕೆ ಅವನಿಗೆ ಚರ್ಚಿನಿಂದ ಬಂದ ಬಳುವಳಿ. ಅಲ್ಲಿ ಪಾಸ್ಟರ್ ನಿಲ್ಲುವ ಜಾಗದ ಹಿಂದೆ ಒಂದು ದೊಡ್ಡ ಬಟ್ಟೆಯ ಪಟ ತೂಗುಹಾಕಿದ್ದರು. ಏಳು ತಲೆಯ ಮೃಗ, ಬೆಂಕಿಯ ಕೆರೆ, ರಕ್ತದ ಬಣ್ಣದ ಚಂದ್ರ, ಎಲ್ಲವೂ ಅದರ ಮೇಲೆ ಸಾಲಾಗಿದ್ದವು. ಬೈಬಲಿನ ಕೊನೆಯ ಭಾಗದಲ್ಲಿ ಬರೆದಿರುವುದೆಲ್ಲ ಇನ್ನು ಮುಂದೆ ನಡೆಯುವಂಥದ್ದು, ನಾಳೆಯೇ ನಡೆದರೂ ಆಶ್ಚರ್ಯವಿಲ್ಲ ಎಂದು ಪಾಸ್ಟರ್ ಉದ್ದನೆಯ ಕೋಲಿನಿಂದ ಒಂದೊಂದನ್ನೇ ತಟ್ಟಿ ಹೇಳುತ್ತಿದ್ದರು. ಮೃಗ ಬರುತ್ತದೆ, ಎಲ್ಲರ ಕೈಗೆ ಆರುನೂರ ಅರವತ್ತಾರು ಎಂಬ ತನ್ನ ನಂಬರಿನ ಗುರುತು ಒತ್ತುತ್ತದೆ, ಗುರುತಿಲ್ಲದವನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಅದಕ್ಕೂ ಮೊದಲು ದೇವರು ತನ್ನವರನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಎತ್ತಿಕೊಳ್ಳುತ್ತಾನೆ. ನಿಂತ ಕಡೆಯೇ ಮಾಯ. ಚಿಕ್ಕವನಿದ್ದಾಗ ಶಾಲೆಯಿಂದ ಬಂದು ಮನೆಯಲ್ಲಿ ಯಾರೂ ಕಾಣದಿದ್ದರೆ ಸಾಕು, ಎಲ್ಲರೂ ಹೋಗಿಬಿಟ್ಟರು, ನಾನೊಬ್ಬನೇ ಉಳಿದೆ ಎಂದು ಅವನು ಬಾಗಿಲಲ್ಲೇ ಬಿಕ್ಕಿಬಿಕ್ಕಿ ಅಳುತ್ತಿದ್ದ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರುತ್ತಿದ್ದಳು, ಅಷ್ಟೇ.

ಅಂಥವನ ಅಂಗಡಿಗೆ ಈಗ ಕೈತುಂಬ ಕೆಲಸ. ದೇಶದಲ್ಲಿ ಹೊಸ ಆಳ್ವಿಕೆ ಬಂದು, ಅದರ ಯಜಮಾನರನ್ನು ಜನ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು ‘ದೊಡ್ಡವರು’ ಎನ್ನಲು ಶುರುಮಾಡಿದ ಮೇಲೆ, ಪ್ರತಿ ಅಂಗಡಿಯಲ್ಲೂ ದೊಡ್ಡವರ ಫೋಟೋ ಇರಲೇಬೇಕು ಎಂದು ವರ್ತಕರ ಸಂಘ ತೀರ್ಮಾನ ಮಾಡಿತು. ಬೆಳಗ್ಗೆ ಷಟರ್ ಎತ್ತಿದ ಕೂಡಲೆ ಫೋಟೋದ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟು ‘ದೊಡ್ಡವರು ಚೆನ್ನಾಗಿರಲಿ’ ಎನ್ನಬೇಕು. ಹಾಗೆ ಮಾಡುವ ಅಂಗಡಿಯ ಬಾಗಿಲಿಗೆ ಸಂಘದವರು ಹಸಿರು ಚೀಟಿ ಅಂಟಿಸುತ್ತಿದ್ದರು. ಚೀಟಿ ಇಲ್ಲದ ಅಂಗಡಿಗೆ ಗಿರಾಕಿ ಕಾಲಿಡುತ್ತಿರಲಿಲ್ಲ, ಲಾರಿಯವನು ಸಾಮಾನು ಇಳಿಸುತ್ತಿರಲಿಲ್ಲ. ಮೂಲೆಯ ಚಪ್ಪಲಿ ಅಂಗಡಿಯವನು ಇದೆಲ್ಲ ಏನು ನಾಟಕ ಎಂದು ಒಂದು ಸಲ ಮೂಗು ಮುರಿದಿದ್ದ. ಸಂಘದ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿಂದ ಎಲ್ಲಿಗೆ ಕಳಿಸಿದರೋ, ಅವನ ಹೆಂಡತಿ ತಟ್ಟದ ಬಾಗಿಲಿಲ್ಲ.

ಪೇಟೆಯ ಅಷ್ಟೂ ಫೋಟೋಗಳಿಗೆ ಫ್ರೇಮ್ ಕಟ್ಟಿದವನು ಮೊಳೆಯಣ್ಣನೇ. ಚರ್ಚಿನಲ್ಲಿ ಏಳು ತಲೆಯ ಮೃಗದ ಪಟದ ಪಕ್ಕದಲ್ಲೇ ದೊಡ್ಡವರ ಫೋಟೋ ನೇತುಹಾಕಿದವನೂ ಅವನೇ. ಸರಿಯಾಗಿದೆಯಾ ನೋಡಿ ಎಂದಾಗ ಪಾಸ್ಟರ್ ದೂರ ನಿಂತು, ತಲೆ ಓರೆಮಾಡಿ ನೋಡಿ, ‘ಸ್ವಲ್ಪ ಎಡಕ್ಕೆ’ ಎಂದಿದ್ದರು. ಇಬ್ಬರಿಗೂ ಅದರಲ್ಲಿ ಬೇರೇನೂ ಕಂಡಿರಲಿಲ್ಲ. ಮೃಗ ಬರುವುದಿದ್ದರೆ ಬಾರ್‌ಕೋಡಿನಲ್ಲಿ ಬರುತ್ತದೆ, ಮೊಬೈಲ್ ಟವರಿನಲ್ಲಿ ಬರುತ್ತದೆ ಎಂದು ಅವರೆಲ್ಲ ಆ ಕಡೆಗೇ ಕಣ್ಣಿಟ್ಟು ಕಾಯುತ್ತಿದ್ದರು. ಫ್ರೇಮಿನೊಳಗೆ ಬರಬಹುದು ಎಂದು ಯಾರಿಗೆ ಹೊಳೆಯಬೇಕು?

ಹೊಳೆದದ್ದು ಅವನ ಅಕ್ಕನಿಗೆ.

ಅಕ್ಕನ ಡ್ರೈಕ್ಲೀನಿಂಗ್ ಅಂಗಡಿಗೂ ಮೊಳೆಯಣ್ಣನ ಅಂಗಡಿಗೂ ನಡುವೆ ಒಂದೇ ಗೋಡೆ. ಒಂದು ಕಾಲದಲ್ಲಿ ಅವಳು ಹೈಸ್ಕೂಲಿನಲ್ಲಿ ಇತಿಹಾಸದ ಟೀಚರ್. ಭಾವ ತೀರಿಕೊಂಡ ಮೇಲೆ ಅವರ ಅಂಗಡಿ ಮುಚ್ಚಲು ಮನಸ್ಸಾಗದೆ ಕೆಲಸ ಬಿಟ್ಟು ಇಲ್ಲಿ ಬಂದು ಕೂತಳು. ಬಂದ ಬಟ್ಟೆಗೆಲ್ಲ ನಂಬರಿನ ಬಟ್ಟೆಚೂರು ಪಿನ್ ಮಾಡುವುದು, ಕಾಲರಿನ ಕಲೆಯನ್ನು ಬ್ರಷ್ಷಿನಿಂದ ಉಜ್ಜುವುದು, ಆವಿ ಉಗುಳುವ ದೊಡ್ಡ ಪ್ರೆಸ್ಸಿನ ಕೆಳಗೆ ಕೋಟು ಹರಡುವುದು, ಎಲ್ಲವನ್ನೂ ಕಲಿತಳು. ಆದರೆ ಟೀಚರಿನ ಬಾಯಿ ಸುಮ್ಮನಿರುತ್ತದೆಯೇ? ಶನಿವಾರ ಮಧ್ಯಾಹ್ನ ಚರ್ಚಿನ ಹೆಂಗಸರನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ಬೈಬಲ್ ಪಾಠ ಶುರುಮಾಡಿದಳು. ಪ್ಲಾಸ್ಟಿಕ್ ಹೊದ್ದ ಕೋಟುಗಳ ಕೆಳಗೆ ಸ್ಟೂಲು ಹಾಕಿಕೊಂಡು ಅವರೆಲ್ಲ ಕೂರುತ್ತಿದ್ದರು. ಮೊಳೆಯಣ್ಣ ಗಾಜು ಕತ್ತರಿಸುತ್ತ ಗೋಡೆಯ ಈಚೆಯಿಂದ ಕೇಳಿಸಿಕೊಳ್ಳುತ್ತಿದ್ದ. ಕೊನೆಕೊನೆಗೆ ಕೆಲಸ ಬಿಟ್ಟು ಅಲ್ಲಿಗೇ ಹೋಗಿ ಬಾಗಿಲ ಹತ್ತಿರ ನಿಲ್ಲುವಂತಾದ.

ಅವಳು ಬೈಬಲಿನ ಕೊನೆಯ ಭಾಗವನ್ನು ಕೈಗೆತ್ತಿಕೊಂಡಾಗ ಮೊದಮೊದಲು ಎಲ್ಲರಿಗೂ ಎದೆಯ ಭಾರ ಇಳಿದಂತಾಯಿತು.

“ಇದೊಂದು ಕಾಗದ ಕಣ್ರೇ,” ಎಂದಳು ಅಕ್ಕ. “ಏಳು ಊರಿನ ಚರ್ಚಿನ ಜನಕ್ಕೆ ಬರೆದಿದ್ದು. ಸುಮಾರು ಎರಡು ಸಾವಿರ ವರ್ಷದ ಹಿಂದೆ. ಕಾಗದ ಬಂದ್ರೆ ಮೊದಲು ಏನು ನೋಡ್ತೀರಿ? ಯಾರಿಗೆ ಬಂದಿದೆ ಅಂತ ತಾನೇ? ನಾವು ಅದನ್ನೇ ನೋಡ್ಲಿಲ್ಲ. ಪಕ್ಕದ ಮನೆಯವರ ಕಾಗದ ಒಡೆದು ಓದಿ, ನಮಗೇ ಬಂದಿರೋದು ಅಂತ ಬಾಯಿ ಬಡ್ಕೊಂಡ್ವಿ.”

ಹೆಂಗಸರು ನಕ್ಕರು. ಅವರಲ್ಲಿ ಒಬ್ಬ ಮುದುಕಿಯಿದ್ದಳು. ಬಿಸ್ಕತ್ತಿನ ಪೊಟ್ಟಣ ತಂದರೂ, ಮೃಗದ ನಂಬರು ಅಡಗಿದೆಯೆಂದು, ಬಾರ್‌ಕೋಡಿನ ಭಾಗವನ್ನು ಕತ್ತರಿಸಿ ಒಲೆಗೆ ಹಾಕದೆ ತಿನ್ನುತ್ತಿರಲಿಲ್ಲವಾದ್ದರಿಂದ ಅವಳಿಗೆ ಕತ್ತರಿ ಅಜ್ಜಿ ಎಂದೇ ಹೆಸರು.

“ಹಾಗಾದ್ರೆ ಆ ನಂಬರು?” ಎಂದಳು ಅಜ್ಜಿ.

“ಆ ಕಾಲದಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಬೆಲೆ ಇತ್ತಜ್ಜಿ. ಹೆಸರನ್ನ ಕೂಡಿದ್ರೆ ನಂಬರು ಬರ್ತಿತ್ತು. ರೋಮಿನ ಒಬ್ಬ ಚಕ್ರವರ್ತಿಯ ಹೆಸರು ಕೂಡಿದ್ರೆ ಆ ನಂಬರೇ ಬರುತ್ತೆ ಅಂತ ತುಂಬಾ ಜನ ಓದಿದೋರು ಹೇಳ್ತಾರೆ. ಅವನು ಸತ್ತು ಮಣ್ಣಾಗಿ ಯಾವ ಕಾಲವಾಯ್ತು. ನೀವು ಬಿಸ್ಕತ್ತು ತಿನ್ನಿ.”

“ನೇರವಾಗಿ ಹೆಸರೇ ಬರೆಯೋದಲ್ವಾ ಮತ್ತೆ? ಮೃಗ ಗಿಗ ಅಂತ ಯಾಕೆ?” ಎಂದಳು ಇನ್ನೊಬ್ಬಳು, ಆಸ್ಪತ್ರೆಯ ನರ್ಸು.

“ಬರೆದೋನು ದ್ವೀಪದಲ್ಲಿ ಗಡೀಪಾರಾಗಿ ಕೂತಿದ್ದ ಕಣೇ. ಕಾಗದ ಯಾರ್ಯಾರ ಕೈ ದಾಟಿ ಹೋಗ್ಬೇಕೋ. ರೋಮ್ ಅಂತ ಬರೆದ್ರೆ ತಗೊಂಡು ಹೋದವನ ತಲೆಯೂ ಉಳಿಯಲ್ಲ, ಓದಿದವನದ್ದೂ ಉಳಿಯಲ್ಲ. ಅದಕ್ಕೇ ಬ್ಯಾಬಿಲೋನ್ ಅಂದ. ಏಳು ಗುಡ್ಡದ ಮೇಲೆ ಕೂತಿದೆ ಅಂದ. ರೋಮ್ ಕಟ್ಟಿರೋದೇ ಏಳು ಗುಡ್ಡದ ಮೇಲೆ. ಓದ್ಬೇಕಾದೋರಿಗೆ ಯಾವ ಊರು ಅಂತ ಗೊತ್ತಾಗ್ತಿತ್ತು.”

ಮುಂದಿನ ವಾರ ಅವಳು ಆ ಏಳು ಊರುಗಳ ಬೀದಿಗಳನ್ನೇ ಕಣ್ಣಮುಂದೆ ತಂದು ನಿಲ್ಲಿಸಿದಳು. ಊರ ಮಧ್ಯೆ ಚಕ್ರವರ್ತಿಯ ಗುಡಿ. ನಾಣ್ಯದ ಮೇಲೆ ಅವನ ಮುಖ. ನೇಯುವವರಿಗೆ, ಬಣ್ಣ ಹಾಕುವವರಿಗೆ, ಕಂಚಿನ ಕೆಲಸದವರಿಗೆ ಒಂದೊಂದು ಸಂಘ; ಸಂಘದ ಊಟಕ್ಕೆ ಹೋದರೆ ಅಲ್ಲೂ ಮೊದಲು ಪೂಜೆ, ಆಮೇಲೆ ತುತ್ತು. ಹೋಗದಿದ್ದವನ ಅಂಗಡಿ ಎಷ್ಟು ದಿನ ನಡೆದೀತು?

“ನಂಬಿ ಅಂತ ಯಾರೂ ಒತ್ತಾಯ ಮಾಡ್ತಿರ್ಲಿಲ್ಲ,” ಎಂದಳು ಅಕ್ಕ. “ಮನಸ್ಸಲ್ಲಿ ಏನು ಬೇಕಾದ್ರೂ ಇಟ್ಕೊಳ್ಳಿ, ಗುಡೀಲಿರೋ ಚಕ್ರವರ್ತಿಯ ಮೂರ್ತಿಯ ಮುಂದೆ ಒಂದು ಚಿಟಿಕೆ ಧೂಪ ಹಾಕಿ, ಮನೆಗೆ ಹೋಗಿ. ಅಷ್ಟೇ. ಸ್ವಲ್ಪ ಕಾಲದ ಮೇಲೆ ಕ್ರಿಸ್ತನವರು ಅಂತ ಸಿಕ್ಕಿಬಿದ್ದೋರಿಗೆ ಅಧಿಕಾರಿಗಳು ಇಡ್ತಿದ್ದ ಪರೀಕ್ಷೆಯೂ ಅದೇ. ಒಂದು ಚಿಟಿಕೆ.”

ನರ್ಸು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ದಿನವೂ ಬೆಳಗ್ಗೆ ಡ್ಯೂಟಿಗೆ ಮೊದಲು ಆಸ್ಪತ್ರೆಯ ಫೋಟೋದ ಮುಂದೆ ಆ ಕೈಯನ್ನೇ ಅವಳು ಎದೆಯ ಮೇಲೆ ಇಡುತ್ತಿದ್ದಳು. ಕತ್ತರಿ ಅಜ್ಜಿ ಕತ್ತೆತ್ತಿ, ಗೋಡೆಯಲ್ಲಿ ಫೋಟೋ ಇರಬೇಕಾಗಿದ್ದ ಖಾಲಿ ಜಾಗವನ್ನು ನೋಡಿ, ಥಟ್ಟನೆ ಕಣ್ಣು ಇಳಿಸಿದಳು. ಎಲ್ಲರಿಗೂ ಅರ್ಥವಾಗಿತ್ತು. ಅಕ್ಕ ದೊಡ್ಡವರ ಮಾತನ್ನು ಎತ್ತಿಯೇ ಇರಲಿಲ್ಲ. ಪುಸ್ತಕ ಮಡಚಿ, ಕಾಫಿ ಯಾರಿಗೆ ಬೇಕು ಎಂದು ಕೇಳಿದಳು.

ಮೊಳೆಯಣ್ಣ ಇಷ್ಟು ವರ್ಷ ಮುಂದೆಂದೋ ಬರುವ ಮೃಗಕ್ಕೆ ಹೆದರಿ ಬದುಕಿದ್ದ. ಅದರಲ್ಲಿ ಒಂದು ನೆಮ್ಮದಿಯೂ ಇತ್ತು, ಇವತ್ತಿನ್ನೂ ಬಂದಿಲ್ಲವಲ್ಲ ಎಂದು. ಅಕ್ಕ ಆ ಮೃಗವನ್ನು ಎರಡು ಸಾವಿರ ವರ್ಷ ಹಿಂದಕ್ಕೆ ಅಟ್ಟಿದಳು. ಅದು ಅಷ್ಟು ದೂರ ಹೋಗಿ, ಅಲ್ಲಿಂದ ತಿರುಗಿ, ನೆಟ್ಟಗೆ ಅವನ ಅಂಗಡಿಯ ಗೋಡೆಗೇ ಬಂದು ಕೂತಿತು. ಅದಕ್ಕೆ ಗಾಜು ಹಾಕಿ ಒರೆಸಿದವನೂ ಅವನೇ.

ಎಲ್ಲರೂ ಹೋದ ಮೇಲೆ ಅವನು ಅಕ್ಕನ ಕೈ ಹಿಡಿದುಕೊಂಡ. “ನಿನ್ನ ಕಾಲಿಗೆ ಬೀಳ್ತೀನಿ, ಈ ಪಾಠ ನಿಲ್ಸೇ. ಇಲ್ಲಾಂದ್ರೆ ಆ ಫೋಟೋನಾದ್ರೂ ಹಾಕು.”

“ಆವಿಗೆ ಹಾಳಾಗುತ್ತೆ ಅಂತ ಸಂಘದೋರಿಗೆ ಹೇಳಿದೀನಲ್ಲೋ. ಅದಕ್ಕೇ ಸದ್ಯಕ್ಕೆ ಚೀಟಿ ಕಿತ್ತಿಲ್ಲ.”

“ಆವಿ ಹೋಗ್ದಂಗೆ ಸುತ್ತ ಮೇಣ ಹಾಕಿ ಕಟ್ಟಿಕೊಟ್ಟಿದೀನಿ!”

“ಈಗ ಗೋಡೆ ಜಿನುಗ್ತಿದೆ, ಮೊಳೆ ನಿಲ್ಲಲ್ಲ ಅಂತ ಹೇಳಿದೀನಿ.” ಅಕ್ಕ ನಕ್ಕಳು. ಆ ನಗುವಿನಲ್ಲಿ ಜೀವ ಇರಲಿಲ್ಲ. “ನನಗೂ ಭಯವಾಗುತ್ತೆ ಕಣೋ. ರಾತ್ರಿ ನಿದ್ದೆಯೇ ಹತ್ತಲ್ಲ. ಹಾಕಿಬಿಡೋಣ ಅಂತ ಎಷ್ಟು ಸಲ ಸ್ಟೂಲ್ ಹತ್ತಿದೀನಿ ಗೊತ್ತಾ? ಕೈ ಬರಲ್ಲ. ಆ ಏಳು ಊರಿನೋರು ಹಿಂದೆ ನಿಂತು ನೋಡ್ತಿದಾರೆ ಅನ್ಸುತ್ತೆ.”

ಅವನಿಗೆ ಸಿಟ್ಟು ಬಂತು. ಸತ್ತವರು ನೋಡುತ್ತಾರೆ ಎಂದು ಬದುಕಿರುವವರ ಕೈಗೆ ಸಿಕ್ಕಿಕೊಳ್ಳುವುದು ಯಾವ ಬುದ್ಧಿವಂತಿಕೆ? ಆದರೆ ಅವನು ತನ್ನ ಅಂಗಡಿಗೆ ಹೋಗಿ ಮೊಳೆ ಕಚ್ಚಿಕೊಂಡ.

ಮುಂದಿನ ವಾರದಲ್ಲೇ ಒಂದು ಮಧ್ಯಾಹ್ನ, ಫ್ರೇಮ್ ತಲುಪಿಸಿ ವಾಪಸು ಬಂದು ಅಕ್ಕನ ಅಂಗಡಿಗೆ ಇಣುಕಿದರೆ ಒಳಗೆ ಯಾರೂ ಇಲ್ಲ. ಪ್ರೆಸ್ಸು ಬುಸ್ಸೆಂದು ಆವಿ ಬಿಡುತ್ತಿತ್ತು. ಅದರ ಕೆಳಗೆ ಕೋಟೊಂದರ ಒಂದು ತೋಳು ಇಸ್ತ್ರಿಯಾಗಿ ಇನ್ನೊಂದು ಸುಕ್ಕಾಗಿಯೇ ಇತ್ತು. ಮೇಜಿನ ಮೇಲೆ ಅವಳ ಕನ್ನಡಕ. ನೆಲದ ಮೇಲೆ ಅವಳ ಚಪ್ಪಲಿಗಳು, ಒಂದು ನೆಟ್ಟಗೆ, ಒಂದು ಮಗುಚಿಕೊಂಡು.

ಬೇರೆ ಯಾರಾದರೂ ಆಗಿದ್ದರೆ ಸಂಘದವರು ಬಂದಿದ್ದರು ಎಂದು ತಕ್ಷಣ ತಿಳಿಯುತ್ತಿತ್ತು. ಪೇಟೆಯ ಸಣ್ಣ ಮಗುವಿಗೂ ತಿಳಿಯುತ್ತಿತ್ತು. ಆದರೆ ಆ ಪಟದ ಕೆಳಗೆ ಬೆಳೆದ ಮೊಳೆಯಣ್ಣನ ತಲೆಗೆ ಮೊದಲು ಬಂದದ್ದು ಬೇರೆ. ಬಂದೇಬಿಟ್ಟಿತು! ದೇವರು ತನ್ನವರನ್ನು ಎತ್ತಿಕೊಂಡ. ಅಕ್ಕನನ್ನು ಕರೆದುಕೊಂಡ, ಫೋಟೋಗೆ ಫ್ರೇಮ್ ಕಟ್ಟಿದ ನನ್ನನ್ನು ಬಿಟ್ಟ. ಅವನು ಮೇಜು ಹಿಡಿದುಕೊಂಡ. ಹೇಳಲು ನಾಚಿಕೆಯಾಗಬೇಕಾದ ಮಾತೆಂದರೆ, ಆ ದಿಗಿಲಿನ ತಳದಲ್ಲಿ ಅವನಿಗೆ ಒಂಚೂರು ಸಮಾಧಾನವೂ ಆಯಿತು. ಅಕ್ಕ ದೇವರ ಹತ್ತಿರ ಇದ್ದರೆ ಅವಳನ್ನು ಇನ್ನು ಯಾರೂ ಮುಟ್ಟುವಂತಿಲ್ಲ.

ಬಾಗಿಲಿಗೆ ಓಡಿ ಬಂದು ನೋಡಿದ. ಎದುರಿನ ಹಣ್ಣಿನ ಅಂಗಡಿಯಲ್ಲಿ ಪಾಸ್ಟರ್ ಕಿತ್ತಳೆ ಆರಿಸುತ್ತ ನಿಂತಿದ್ದರು. ಪಾಸ್ಟರೇ ಇಲ್ಲಿದ್ದಾರೆ ಎಂದ ಮೇಲೆ ಏನೂ ಆಗಿಲ್ಲ ಎಂದುಕೊಂಡ. ಪಾಸ್ಟರನ್ನೂ ದೇವರು ಬಿಟ್ಟಿರಬಹುದಲ್ಲ, ಹಾಗೂ ಹೇಳಲಾಗದು ಎಂದೂ ಅನಿಸಿತು. ಪಾಸ್ಟರ್ ಅವನನ್ನು ಕಂಡವರೇ ಹಾವು ತುಳಿದವರಂತೆ ಬೆಚ್ಚಿ, ಆರಿಸಿದ ಹಣ್ಣನ್ನು ಅಲ್ಲೇ ಬಿಟ್ಟು ಬಿರಬಿರನೆ ನಡೆದುಬಿಟ್ಟರು. ಪಕ್ಕದ ಗುಂಡಿ-ದಾರದ ಅಂಗಡಿಯವಳು ತಲೆ ಎತ್ತದೆಯೇ, ತುಟಿ ಅಲ್ಲಾಡಿಸದೆಯೇ ಹೇಳಿದಳು: “ಇಬ್ಬರು ಬಂದಿದ್ರು. ಸಂಘದ ಆಫೀಸಿಗೆ.”

ಅವನು ಪ್ರೆಸ್ಸಿನ ಸ್ವಿಚ್ಚು ಆರಿಸಿದ. ಅಕ್ಕನ ಚಪ್ಪಲಿಗಳನ್ನು ಒಂದು ಕವರಿಗೆ ಹಾಕಿಕೊಂಡ. ಓಡಿಹೋಗು, ಬಸ್ಸು ಹತ್ತು ಎಂದು ಹೊಟ್ಟೆಯೊಳಗಿನಿಂದ ಯಾರೋ ಕೂಗುತ್ತಿದ್ದರೂ, ಕಾಲುಗಳು ಮಾತ್ರ ಸಂಘದ ಆಫೀಸಿನ ಕಡೆಗೇ ನಡೆದವು. ಅವನ ಬದುಕಿನಲ್ಲಿ ಅಷ್ಟೊಂದು ಧೈರ್ಯದ ಕೆಲಸ ಇನ್ನೊಂದನ್ನು ಅವನು ಮಾಡಿರಲಿಲ್ಲ, ಅದನ್ನಾದರೂ ಅವನ ಲೆಕ್ಕಕ್ಕೆ ಬರೆಯಬೇಕು.

ಆಫೀಸು ಮಾಮೂಲಿ ಆಫೀಸೇ. ಕಬ್ಬಿಣದ ಬೀರು, ನೀರಿನ ಕ್ಯಾನು, ಕಿರ್ ಎನ್ನುವ ಫ್ಯಾನು. ಗೋಡೆಯಲ್ಲಿ ದೊಡ್ಡವರು, ಪೇಟೆಯಲ್ಲೇ ದೊಡ್ಡ ಫ್ರೇಮು, ಮೊಳೆಯಣ್ಣನ ಕೈಕೆಲಸ. ಮೇಜಿನ ಆಚೆ ಸಂಘದ ಕಾರ್ಯದರ್ಶಿ, ಈಚೆ ಬರಿಗಾಲಿನಲ್ಲಿ ಅಕ್ಕ. ಅವಳ ಹಿಂದೆ ಮುಚ್ಚಿದ ಒಳಬಾಗಿಲು, ಅದರ ಪಕ್ಕದಲ್ಲಿ ಇಬ್ಬರು ಆಳುಗಳು.

“ಬಾರಣ್ಣ, ಕೂತ್ಕೋ. ನಿನಗೇ ಹೇಳಿ ಕಳಿಸ್ಬೇಕು ಅಂತಿದ್ದೆ,” ಎಂದ ಕಾರ್ಯದರ್ಶಿ. ನಯವಾದ ಮಾತು, ವಯಸ್ಸಿನಲ್ಲಿ ಚಿಕ್ಕವನು. “ಹೆದರ್ಬೇಡ. ಟೀಚರ್ ನನಗೇನು ಹೊಸಬರಾ? ಹೈಸ್ಕೂಲಲ್ಲಿ ನನಗೆ ಇತಿಹಾಸ ಹೇಳಿಕೊಟ್ಟೋರು. ಇವರ ಕೈಲಿ ಏಟೂ ತಿಂದಿದೀನಿ.”

“ಸುಳ್ಳು. ನಾನು ಯಾರಿಗೂ ಹೊಡೆದವಳಲ್ಲ,” ಎಂದಳು ಅಕ್ಕ.

“ಹೌದು ಟೀಚರ್, ತಮಾಷೆಗೆ ಅಂದೆ.” ಅವನು ನಕ್ಕು ಮೊಳೆಯಣ್ಣನ ಕಡೆ ತಿರುಗಿದ. “ವಿಷಯ ಇಷ್ಟೇ. ನಿಮ್ಮ ಪಾಸ್ಟರ್ ಬಂದು ಒಂದು ಮಾತು ಹೇಳಿದ್ರು. ಮೃಗ ಮುಂದೆ ಬರುತ್ತೆ ಅಂತ ಅವರು ಹೇಳ್ತಾರೆ. ಬರ್ಲಿ ಬಿಡು, ಬಂದಾಗ ನೋಡ್ಕೊಳ್ಳೋಣ. ಆದ್ರೆ ಟೀಚರ್ ಅದು ಮುಂದಿನದ್ದಲ್ಲ ಅಂತ ಹೇಳ್ಕೊಡ್ತಾರಂತೆ. ಮುಂದಿನದ್ದಲ್ಲ ಅಂದ್ರೆ ಯಾವಾಗಿಂದು? ಈಗಿಂದಾ?”

ಅಕ್ಕ ಏನೋ ಹೇಳಹೊರಟಳು. ಕಾರ್ಯದರ್ಶಿ ಕೈ ಎತ್ತಿ ತಡೆದ. “ನೀವು ಸುಮ್ನಿರಿ ಟೀಚರ್. ತಮ್ಮ ಹೇಳ್ಲಿ. ಪಾಠ ಕೇಳಿದಾನೆ, ಸಾಧು ಮನುಷ್ಯ. ಅದು ಬರೀ ಹಳೇ ಕಥೆ ಅಂತ ಇವನು ಹೇಳಿದ್ರೆ ನಾನು ನಂಬ್ತೀನಿ, ಈಗ್ಲೇ ನೀವಿಬ್ರೂ ಮನೆಗೆ ಹೋಗಬಹುದು.”

ಮೊಳೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಇದಕ್ಕಿಂತ ಸುಲಭ ಇನ್ನೇನಿದೆ? ಸುಳ್ಳು ಹೇಳುವ ಅಗತ್ಯವೇ ಇಲ್ಲ. ಅಕ್ಕ ಹೇಳಿಕೊಟ್ಟಿದ್ದೇ ಅದು. ಅವನು ಎದ್ದು ನಿಂತು, ಕವರನ್ನು ಎದೆಗೆ ಅವುಚಿಕೊಂಡು, ಶಾಲೆಯ ಹುಡುಗನಂತೆ ಪಾಠ ಒಪ್ಪಿಸಿದ. ಅದು ಕಾಗದ ಸರ್. ಏಳು ಊರಿನೋರಿಗೆ ಬರೆದಿದ್ದು ಸರ್. ಮೃಗ ಅಂದ್ರೆ ರೋಮ್ ಸರ್, ಅವರ ಚಕ್ರವರ್ತಿ. ನಂಬರು ಅವನ ಹೆಸರು. ಕೊಳ್ಳೋದು ಮಾರೋದು ಅಂದ್ರೆ ಆ ಕಾಲದ ಸಂಘಗಳು. ಮೂರ್ತಿ ಅಂದ್ರೆ ಆ ಕಾಲದ ಮೂರ್ತಿ. ಅವರೆಲ್ಲ ಸತ್ತು ಎಷ್ಟೋ ಕಾಲವಾಯ್ತು ಸರ್. ನಮಗೂ ಅದಕ್ಕೂ ಏನೂ ಸಂಬಂಧ ಇಲ್ಲ ಸರ್.

ಹೇಳುತ್ತ ಹೇಳುತ್ತ ಅವನ ದನಿ ನಡುಗತೊಡಗಿತು. ‘ಸಂಘ’ ಎಂದಾಗ ಉಗುಳು ನುಂಗಿದ. ‘ಮೂರ್ತಿ’ ಎಂದಾಗ, ಬೇಡ ಬೇಡ ಎಂದುಕೊಂಡರೂ, ಕಣ್ಣು ತಾನಾಗಿ ಗೋಡೆಯ ಕಡೆ ಹೋಗಿ ಸುಟ್ಟಂತೆ ವಾಪಸು ಬಂತು. ಬೆವರು ಹಣೆಯಿಂದ ಇಳಿದು ಕಣ್ಣಿಗೆ ಬಿತ್ತು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರು ಪರಪರ ಸದ್ದು ಮಾಡುತ್ತಿತ್ತು, ಅದನ್ನು ನಿಲ್ಲಿಸಲು ಅವನಿಗೆ ಆಗಲಿಲ್ಲ.

ಕಾರ್ಯದರ್ಶಿ ಗಲ್ಲಕ್ಕೆ ಕೈಕೊಟ್ಟು ಕೊನೆಯವರೆಗೂ ಕೇಳಿದ. ಆಮೇಲೆ ಒಂದು ಲೋಟ ನೀರನ್ನು ಅವನ ಕಡೆ ಸರಿಸಿದ.

“ಟೀಚರ್ ಕ್ಲಾಸಿನಲ್ಲಿ ನಮಗೊಂದು ಮಾತು ಹೇಳ್ತಿದ್ರು,” ಎಂದ. “ಹಳೇ ಬರಹ ಯಾವ್ದೇ ಇರ್ಲಿ, ಅದರಲ್ಲಿ ಏನಿದೆ ಅಂತ ಮಾತ್ರ ನೋಡ್ಬೇಡಿ, ಅದಕ್ಕೆ ಯಾರು ಹೆದರಿದ್ರು ಅಂತ ನೋಡಿ ಅಂತ. ಅಲ್ವಾ ಟೀಚರ್?”

ಅಕ್ಕ ಕಣ್ಣು ಮುಚ್ಚಿಕೊಂಡಳು.

“ಸತ್ತ ಚಕ್ರವರ್ತಿಯ ಕಥೆ ಹೇಳೋಕೆ ಯಾರಾದ್ರೂ ಇಷ್ಟು ಬೆವರ್ತಾರೇನಣ್ಣ?”

ಇಲ್ಲ ಸರ್, ಸೆಕೆ ಸರ್, ನನಗೆ ಚಿಕ್ಕಂದಿನಿಂದಲೂ ಹೀಗೆ ಸರ್, ಯಾರನ್ನಾದ್ರೂ ಕೇಳಿ ಸರ್ ಎಂದು ಮೊಳೆಯಣ್ಣ ಏನೇನೋ ಒದರಿದ. ಒಂದೊಂದು ಮಾತೂ ಅಕ್ಕನನ್ನು ಆ ಒಳಬಾಗಿಲಿನ ಕಡೆಗೆ ಇನ್ನಷ್ಟು ನೂಕುತ್ತಿದೆ ಎಂದು ಗೊತ್ತಾದರೂ ಬಾಯಿ ನಿಲ್ಲಲಿಲ್ಲ. ಜೀವಮಾನವೆಲ್ಲ ಬಾಯಿ ಮುಚ್ಚಿಕೊಂಡಿದ್ದವನ ಬಾಯಿ, ಮುಚ್ಚಬೇಕಾದ ಹೊತ್ತಿನಲ್ಲೇ ಹೀಗೆ ಕೈಕೊಟ್ಟಿತು.

ಅಕ್ಕ ಎದ್ದು ಬಂದಳು. ತನ್ನ ಕರವಸ್ತ್ರ ತೆಗೆದು ಅವನ ಹಣೆ, ಕೆನ್ನೆ, ಕುತ್ತಿಗೆಯನ್ನು ಒರೆಸಿದಳು.

“ಹೋಗ್ಲಿ ಬಿಡೋ,” ಎಂದಳು ಮೆಲ್ಲಗೆ. “ಪಾಠ ಒಂದಕ್ಷರ ತಪ್ಪದೆ ಹೇಳ್ದೆ.”

ಅವನ ಕೈಯಿಂದ ಕವರು ಇಸಿದುಕೊಂಡು, ಚಪ್ಪಲಿಗಳನ್ನು ನೆಲಕ್ಕೆ ಹಾಕಿ ಮೆಟ್ಟಿಕೊಂಡಳು. ಆಳುಗಳು ಒಳಬಾಗಿಲು ತೆಗೆದರು. ಆಚೆ ಉದ್ದನೆಯ ಇಕ್ಕಟ್ಟು ಹಾದಿ, ಅದರ ಕೊನೆಯಲ್ಲಿ ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದ ಒಂದು ವ್ಯಾನು ಕಂಡವು. ಅವಳು ತಿರುಗಿ ನೋಡದೆ ನಡೆದಳು. ಬಾಗಿಲು ಮುಚ್ಚಿತು.

ಕಾರ್ಯದರ್ಶಿ ಏನೂ ಆಗದವನಂತೆ ಎದ್ದು ಫ್ಯಾನಿನ ವೇಗ ಹೆಚ್ಚಿಸಿದ. “ನಿನ್ನ ಮೇಲೆ ಏನೂ ಇಲ್ಲಣ್ಣ, ನೀನು ಹೋಗು. ಅಂದ ಹಾಗೆ, ಶಾಲೆಗಳಿಗೆ ಕೊಡ್ಬೇಕಾದ ದೊಡ್ಡವರ ಫೋಟೋಗಳು ಬಂದಿವೆ. ಸೋಮವಾರದೊಳಗೆ ಫ್ರೇಮ್ ಹಾಕಿಕೊಡೋಕೆ ಆಗುತ್ತಾ?”

“ಆಗುತ್ತೆ ಸರ್,” ಎಂದ ಮೊಳೆಯಣ್ಣ.

ಈ ಸಲ ಅವನ ದನಿ ಒಂದಿಷ್ಟೂ ನಡುಗಲಿಲ್ಲ.